ಜಿಎಲ್ 350 ಬೆಳಿಗ್ಗೆ ಮುಂದೆ ಕುಸಿದಿರುತ್ತದೆ: ಮನೆಯಲ್ಲೇ ಕಂಪ್ರೆಸರ್ ಬದಲಿಸಿ, ದೊಡ್ಡ ಸ್ಕ್ರೀನ್ ಹಾಕಬಹುದೇ?

ಕಾರವಾರ, 2011ರ ಮರ್ಸಿಡಿಸ್ ಜಿಎಲ್ 350 ಸಿಡಿಐ, ರಾತ್ರಿ ಸಮವಾಗಿ ನಿಂತ ಗಾಡಿ ಬೆಳಗಾಗುವಾಗ ಎಡ ಮುಂಭಾಗದಲ್ಲಿ ಕುಸಿದಿರುತ್ತದೆ, ಗ್ಯಾರೇಜಿನವರು ಕಂಪ್ರೆಸರ್ ಹೋಗಿದೆ ಅಂದರು. ನಿಮ್ಮ ಪ್ರಶ್ನೆಯಲ್ಲಿ ನನ್ನ ಹಳೆಯ ಗಾಡಿಯೇ ಕಂಡಿತು. ಅದೇ ಎಕ್ಸ್164 ಮಾದರಿ, ಅದೇ ಕಡಲ ಗಾಳಿ, ಅದೇ ಸಲಹೆ. ಆ ಸಲಹೆಯಂತೆ ಹಾಕಿಸಿದ ಹೊಸ ಕಂಪ್ರೆಸರ್ ಒಂದು ಮಳೆಗಾಲವನ್ನೂ ದಾಟಲಿಲ್ಲ. ಹಾಗಾಗಿ ಮನೆಯಲ್ಲಿ ಬದಲಿಸಬಹುದೇ ಎಂಬುದಕ್ಕಿಂತ ಮೊದಲು ಒಂದು ಮಾತು: ಕಂಪ್ರೆಸರನ್ನು ಈಗ ತರಿಸಲೇಬೇಡಿ ಮಾರಾಯ್ರೆ.

ಕಾರಣ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ದುಡ್ಡು ಹೋಗುವುದು ಇಲ್ಲೇ. ಏರ್‌ಮ್ಯಾಟಿಕ್‌ನಲ್ಲಿ, ಅಂದರೆ ಗಾಳಿ ತುಂಬಿದ ರಬ್ಬರ್ ಸ್ಪ್ರಿಂಗಿನ ಮೇಲೆ ಗಾಡಿ ನಿಲ್ಲುವ ಈ ಸಸ್ಪೆನ್ಷನ್ನಿನಲ್ಲಿ, ಗಾಳಿ ತುಂಬುವ ಕಂಪ್ರೆಸರ್ ಇರುವುದು ಆಗಾಗ ಸ್ವಲ್ಪ ಹೊತ್ತು ಓಡಿ ನಿಲ್ಲಲಿಕ್ಕೆ. ಏರ್ ಸ್ಪ್ರಿಂಗಿನ ರಬ್ಬರಿನಲ್ಲಿ ಕೂದಲೆಳೆ ಬಿರುಕು ಬಿಟ್ಟರೂ ಸಾಕು, ಪ್ರತಿ ಸಲ ಗಾಡಿ ತೆಗೆಯುವಾಗ ಕುಸಿದ ಮೂಲೆಯನ್ನು ಎತ್ತಲು ಅದು ತುಂಬಾ ಹೊತ್ತು ಓಡಬೇಕು. ಬಿಸಿಯಾಗುತ್ತದೆ, ಪಿಸ್ಟನ್ ರಿಂಗ್ ಸವೆಯುತ್ತದೆ, ಒತ್ತಡ ಇಳಿಯುತ್ತದೆ. ಒತ್ತಡ ಇಳಿದಷ್ಟೂ ಇನ್ನೂ ಹೆಚ್ಚು ಹೊತ್ತು ಓಡುತ್ತದೆ. ಕಡೆಗೆ ಕಂಪ್ರೆಸರಿಗೆ ಕರೆಂಟು ಕೊಡುವ ಸ್ವಿಚ್ಚಾದ ರಿಲೇಯ ಕಾಂಟ್ಯಾಕ್ಟ್‌ಗಳು ಬಿಸಿಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಎಂಜಿನ್ ಆಫ್ ಮಾಡಿದರೂ ಕಂಪ್ರೆಸರ್ ಗುಂಯ್‌ಗುಡುತ್ತಲೇ ಇದ್ದು ಬ್ಯಾಟರಿಯನ್ನೂ ಬರಿದು ಮಾಡಿ ತಾನೂ ಸುಡುತ್ತದೆ.

ನಮ್ಮ ಕರಾವಳಿಗೆ ಇನ್ನೊಂದು ಸೇರುತ್ತದೆ. ಕಂಪ್ರೆಸರಿನ ಜೊತೆಗಿರುವ ಡ್ರೈಯರ್‌ನಲ್ಲಿ ತೇವ ಹೀರುವ ಹರಳುಗಳಿವೆ. ಒಳಗೆ ಬರುವ ಗಾಳಿಯ ತೇವವನ್ನು ಅವು ಹಿಡಿದುಕೊಳ್ಳುತ್ತವೆ. ಗಾಡಿ ತಗ್ಗುವಾಗ ಹೊರಹೋಗುವ ಒಣ ಗಾಳಿ ಅದೇ ಡ್ರೈಯರ್ ಮೂಲಕ ಹಾದು ಆ ತೇವವನ್ನು ಹೊರಗೆ ಒಯ್ಯುತ್ತದೆ. ಸ್ಪ್ರಿಂಗ್ ಸೋರುತ್ತಿದ್ದರೆ ಗಾಳಿ ರಬ್ಬರಿನ ಬಿರುಕಿನಿಂದಲೇ ಹೋಗಿಬಿಡುತ್ತದೆ, ಡ್ರೈಯರಿಗೆ ಹಿಂದಿರುಗುವುದೇ ಇಲ್ಲ. ಆಷಾಢದ ಗಾಳಿಯಲ್ಲಿ ಹರಳು ಬೇಗ ತೇವ ತುಂಬಿಕೊಳ್ಳುತ್ತದೆ, ಮುಂದಿನ ನೀರೆಲ್ಲ ಮೂಲೆಮೂಲೆಗೆ ಗಾಳಿ ಹಂಚುವ ವಾಲ್ವ್ ಬ್ಲಾಕಿಗೆ. ಅಲ್ಲಿ ತುಕ್ಕು ಹಿಡಿದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಆಗ ಎರಡನೆಯ ಸೋರಿಕೆ ಶುರು. ಸುಟ್ಟ ಕಂಪ್ರೆಸರ್ ಸೋರಿಕೆಯ ಫಲ. ಮೂಲವನ್ನು ಹಾಗೇ ಬಿಟ್ಟು ಅದೊಂದನ್ನೇ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಸೋರಿಕೆ ಹುಡುಕಲಿಕ್ಕೆ ಬೇಕಾದದ್ದು ಟೇಪು, ಸ್ಪ್ರೇ ಬಾಟಲಿ, ಪಾತ್ರೆ ತೊಳೆಯುವ ಸೋಪಿನ ನೀರು. ಸಂಜೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎಷ್ಟು ಮಿಲಿಮೀಟರ್ ಎಂದು ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಮತ್ತೆ ಅಳೆಯಿರಿ. ಬಾಗಿಲು ತೆಗೆದ ಕೂಡಲೇ ಕಂಟ್ರೋಲ್ ಯೂನಿಟ್ ಎದ್ದು ಎತ್ತರ ಸರಿಪಡಿಸಲು ಹೊರಡಬಹುದು, ಅಳತೆ ಕೆಡುತ್ತದೆ. ಒಂದೇ ಮೂಲೆ ಇಳಿದಿದ್ದರೆ ಆ ಮೂಲೆಯ ಸ್ಟ್ರಟ್ (ಏರ್ ಸ್ಪ್ರಿಂಗ್ ಕೂತ ಕಂಬ), ಅದರ ಪೈಪು ಅಥವಾ ವಾಲ್ವ್ ಬ್ಲಾಕಿನಲ್ಲಿ ಅದಕ್ಕೆ ಸೇರಿದ ವಾಲ್ವ್. ಹಲವು ಮೂಲೆ ಒಟ್ಟಿಗೆ ಇಳಿದಿದ್ದರೆ ಮೊದಲ ಅನುಮಾನ ವಾಲ್ವ್ ಬ್ಲಾಕಿನ ಮೇಲೆ. ಆಮೇಲೆ ಎಂಜಿನ್ ಹಚ್ಚಿ, ಗಾಡಿಯನ್ನು ಅತಿ ಎತ್ತರಕ್ಕೆ ಏರಿಸಿ, ಸ್ಟ್ರಟ್‌ನ ತಲೆಯಲ್ಲಿ ಪೈಪು ಸೇರುವ ಫಿಟ್ಟಿಂಗ್, ರಬ್ಬರಿನ ಮಡಿಕೆ, ವಾಲ್ವ್ ಬ್ಲಾಕಿನ ಪ್ರತಿ ಫಿಟ್ಟಿಂಗಿಗೆ ಸೋಪಿನ ನೀರು ಹೊಡೆದು ಕಾಯಿರಿ. ಸಣ್ಣ ಸೋರಿಕೆಗೆ ಗುಳ್ಳೆ ಏಳಲು ಕೆಲವು ನಿಮಿಷ ಹಿಡಿಯುತ್ತದೆ. ಮುಂದಿನ ಚಕ್ರಗಳಲ್ಲಿ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಸ್ಟ್ರಟ್. ಹಿಂದಿನ ಚಕ್ರಗಳಲ್ಲಿ ಏರ್ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಿಂದಿನ ಕೆಲಸ ಅಗ್ಗ, ಸುಲಭ ಕೂಡ.

ಸ್ಟ್ರಟ್ಟೇ ಎಂದು ಖಚಿತವಾದರೆ ಮನೆಯಲ್ಲಿ ಬದಲಿಸಬಹುದು. ಆದರೆ ಗಾಡಿ ಎರಡೂವರೆ ಟನ್ನಿನ ಹತ್ತಿರ ತೂಗುತ್ತದೆ, ನಮ್ಮ ಚಿರೆಕಲ್ಲಿನ ಅಂಗಳ ಮಳೆಗೆ ಮೆತ್ತಗಾಗುತ್ತದೆ. ಮೂರು ಟನ್ನಿನ ಎರಡು ಜಾಕ್ ಸ್ಟ್ಯಾಂಡ್, ಅವುಗಳ ಅಡಿಗೆ ದಪ್ಪ ಹಲಗೆ, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು. ಬರೀ ಗಾಳಿಯ ಮೇಲೆ ಅಥವಾ ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬೇಡಿ. ಪೈಪು ಬಿಚ್ಚುವಾಗ ಫಿಟ್ಟಿಂಗನ್ನು ಕಾಲು ಸುತ್ತು ಸಡಿಲಿಸಿ, ಗಾಳಿ ಪೂರ್ತಿ ಹೋಗುವವರೆಗೆ ಕಾದು ಆಮೇಲೆ ಬಿಚ್ಚಿ. ಹಳೆಯ ಪೈಪಿನ ತುದಿಯನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ ಹೊಸ ಫಿಟ್ಟಿಂಗ್‌ಗೇ ಸೇರಿಸಿ. ಓರೆಯಾಗಿ ಕತ್ತರಿಸಿದ ಪೈಪು ಹೊಸ ಸ್ಟ್ರಟ್ಟನ್ನೂ ಸೋರಿಸುತ್ತದೆ. ಕೆಳಗಿನ ಬೋಲ್ಟನ್ನು ಕೊನೆಯದಾಗಿ ಬಿಗಿಯುವುದು ಗಾಡಿ ತನ್ನ ಸಹಜ ಎತ್ತರದಲ್ಲಿರುವಾಗ, ಇಲ್ಲವಾದರೆ ಅಲ್ಲಿನ ರಬ್ಬರ್ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಗಾಳಿಯಿಲ್ಲದ ಹೊಸ ಸ್ಪ್ರಿಂಗಿನ ಮೇಲೆ ಗಾಡಿಯ ಭಾರ ಇಳಿಸಲೇಬಾರದು. ರಬ್ಬರು ತಪ್ಪಾಗಿ ಮಡಚಿ ಮೊದಲ ದಿನವೇ ಹರಿದುಹೋಗುತ್ತದೆ. ಚಕ್ರ ನೇತಾಡುತ್ತಿರುವಾಗಲೇ ಸ್ಕ್ಯಾನರಿನಿಂದ ಆ ಮೂಲೆಗೆ ಗಾಳಿ ತುಂಬಿಸಿ, ಮಡಿಕೆ ಸುತ್ತಲೂ ಸಮವಾಗಿ ಬಂದಿದೆಯೇ ನೋಡಿ, ನಂತರ ನಿಧಾನಕ್ಕೆ ಇಳಿಸಿ. ಇದಕ್ಕೆ ಅಗ್ಗದ ಬ್ಲೂಟೂತ್ ಓಬಿಡಿ ಸಾಧನ (ಗಾಡಿಯ ದೋಷ ಓದುವ ಪ್ಲಗ್) ಸಾಲದು, ಅದು ಹೆಚ್ಚಾಗಿ ಎಂಜಿನ್ ಮಾತ್ರ ಓದುತ್ತದೆ. ಮರ್ಸಿಡಿಸ್‌ನ ಸಸ್ಪೆನ್ಷನ್ ಯೂನಿಟ್ಟಿಗೆ ಆಜ್ಞೆ ಕೊಡಬಲ್ಲ ಸ್ಕ್ಯಾನರ್ ಬೇಕು. ಸ್ಟ್ರಟ್ ತರಿಸುವಾಗ ಚಾಸಿ ನಂಬರ್ ಕೊಟ್ಟೇ ತರಿಸಿ, ಎಡಿಎಸ್ (ಶಾಕ್‌ನ ಗಡಸುತನವನ್ನು ತಾನೇ ಬದಲಿಸುವ ವ್ಯವಸ್ಥೆ) ಇರುವ ಗಾಡಿಯದ್ದೇ ಬೇರೆ, ಇಲ್ಲದ್ದರದ್ದೇ ಬೇರೆ. ಬಿಲ್‌ಸ್ಟೈನ್, ಆರ್ನಾಟ್ ಎರಡೂ ಕಂಪನಿಯವು ನಡೆಯುತ್ತವೆ. ಹೆಸರಿಲ್ಲದ ಅಗ್ಗದ ಸ್ಟ್ರಟ್ ಬೇಡ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು.

ಇಷ್ಟಾದ ಮೇಲೆ ಕಂಪ್ರೆಸರ್ ನೋಡಿ. ಸೋರಿಕೆ ನಿಂತ ನಂತರವೂ ಗಾಡಿ ಏಳಲು ತುಂಬಾ ಹೊತ್ತು ಹಿಡಿಯುತ್ತಿದ್ದರೆ ಮಾತ್ರ ಬದಲಿಸಿ, ಡ್ರೈಯರ್ ಸಮೇತ ಬರುವ ಎಎಂಕೆ ಕಂಪನಿಯದ್ದು ಹಾಕಿ. ರಿಲೇಯನ್ನು ಅದರ ಜೊತೆಗೇ ಬದಲಿಸಿ, ಹಳೆಯದು ನೋಡಲು ಚೆನ್ನಾಗಿದ್ದರೂ ಸರಿ. ಗಾಳಿ ಎಳೆಯುವ ಪೈಪಿನ ಫಿಲ್ಟರಿನಲ್ಲಿ ಕೆಸರು ಕೂತಿದ್ದರೆ ಅದನ್ನೂ ಬದಲಿಸಿ.

ಕಾಯಿಲ್ ಸ್ಪ್ರಿಂಗ್‌ಗೆ ಬದಲಾಯಿಸಿಬಿಡಲೇ ಎಂದೂ ಕೇಳಿದ್ದೀರಿ. ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ನೀರು ನಿಂತ ರಸ್ತೆಯಲ್ಲಿ ಗಾಡಿ ಏರಿಸಿಕೊಂಡು ಹೋಗುವುದು, ಸಾಮಾನು ತುಂಬಿ ದೇವಿಮನೆ ಘಟ್ಟ ಹತ್ತುವಾಗ ಹಿಂಭಾಗ ಕೂರದಿರುವುದು, ಜಿಎಲ್ ಇಟ್ಟುಕೊಳ್ಳುವುದೇ ಇವುಗಳಿಗಾಗಿ. ಅದನ್ನೇ ಕಿತ್ತರೆ ಉಳಿಯುವುದು ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ.

ಸ್ಕ್ರೀನಿಗಿಂತ ಮೊದಲು ನೀರಿನ ಕೆಲಸ. ಸನ್‌ರೂಫಿನ ಮೂಲೆಗಳ ತೂತುಗಳಿಂದ ಮಳೆನೀರು ಕಂಬದೊಳಗಿನ ಪೈಪಿನಲ್ಲಿ ಇಳಿದು ಹೊರಗೆ ಹೋಗುತ್ತದೆ. ಕಡಲಂಚಿನಲ್ಲಿ ಗಾಳಿಮರದ ಕೆಳಗೆ ನಿಲ್ಲಿಸುವವರಿಗೆ ಅದರ ಸೂಜಿ ಎಲೆಗಳೇ ಬಿರಡೆ. ಗಾಳ ಹಾಕುವ ದಪ್ಪ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ ತೆಗೆಯಿರಿ. ಟೈರಂಗಡಿಯ ಗಾಳಿ ಹೊಡೆಸಬೇಡಿ, ಒಳಗಿನ ಪೈಪು ಕಳಚಿದರೆ ರೂಫ್ ಲೈನಿಂಗ್ ಪೂರ್ತಿ ಇಳಿಸಬೇಕಾಗುತ್ತದೆ. ಪ್ರತಿ ಮೂಲೆಗೆ ಒಂದು ಲೋಟ ನೀರು ಹೊಯ್ದು, ಕೆಳಗೆ ಬಂದಿತೇ ನೋಡಿ. ಕಾರ್ಪೆಟ್ಟಿನ ಮೇಲ್ಭಾಗ ಒಣಗಿದಂತಿದ್ದರೂ ಅಡಿಯ ಸ್ಪಂಜು ತಿಂಗಳುಗಟ್ಟಲೆ ನೀರು ಹಿಡಿದಿರುತ್ತದೆ. ಬ್ಯಾಟರಿ ಇರುವುದೂ ಮುಂದಿನ ಸೀಟಿನ ಅಡಿಯಲ್ಲೇ. ಸೀಟು ತೆಗೆದು ಕೈ ಒತ್ತಿ ನೋಡಿ. ಬ್ಯಾಟರಿ ಬದಲಿಸಿದರೆ ಅದರ ಅನಿಲ ಹೊರಹೋಗುವ ಸಣ್ಣ ಪೈಪನ್ನು ಮರೆಯದೆ ಸಿಕ್ಕಿಸಿ. ಡಿಕ್ಕಿಯ ಪಕ್ಕದ ಫ್ಯೂಸ್ ಪೆಟ್ಟಿಗೆಯ ಸುತ್ತ ಹಸಿರು ತುಕ್ಕು ಕಂಡರೆ ಹಿಂದಿನ ದೀಪಗಳ ಸೀಲನ್ನೂ ಅನುಮಾನಿಸಿ. ಅರ್ಥಿಂಗ್ ಬೋಲ್ಟುಗಳನ್ನು ಬಿಚ್ಚಿ, 400ರ ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ಲೋಹಕ್ಕೆ ಲೋಹ ತಾಗುವಂತೆ ಬಿಗಿದು, ಆಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ. ಅಡಿಭಾಗಕ್ಕೆ ಟಾರಿನಂಥ ದಪ್ಪ ಲೇಪ ಹೊಡೆಸಬೇಡಿ. ಅದು ಬಿರುಕು ಬಿಟ್ಟಲ್ಲಿ ಉಪ್ಪುನೀರು ಒಳಗೇ ಸಿಕ್ಕಿಕೊಂಡು, ಕಣ್ಣಿಗೆ ಕಾಣದೆ ತಿನ್ನುತ್ತದೆ. ಮೇಣದ ಲೇಪ ಸಾಕು, ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಸಿಹಿನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ.

ನಿಜವಾದ ಅಪ್‌ಗ್ರೇಡ್ ಬೇಕೆಂದರೆ ಎಂಜಿನ್ನಿನ ಎರಡು ಸೀಲಿಗೆ ದುಡ್ಡು ಹಾಕಿ. ಈ ಓಎಂ642 ಎಂಜಿನ್ನಿನಲ್ಲಿ ಟರ್ಬೊ ಬಾಯಿಗೆ ಬರುವ ಗಾಳಿಪೈಪಿನ ಸೀಲು ಗಟ್ಟಿಯಾದರೆ ಆಯಿಲ್ ತೊಟ್ಟಿಕ್ಕುವುದು ಸರಿಯಾಗಿ ಕೆಳಗಿನ, ಒಳಬರುವ ಗಾಳಿಯ ರೆಕ್ಕೆಗಳನ್ನು ತಿರುಗಿಸುವ ಇನ್‌ಟೇಕ್ ಫ್ಲ್ಯಾಪ್ ಮೋಟರಿನ ಮೇಲೆ. ಸೀಲು ಅಗ್ಗ, ಮೋಟರ್ ದುಬಾರಿ, ಸೀಲು ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಇನ್ನೊಂದು, ಎರಡು ಸಿಲಿಂಡರ್ ಸಾಲುಗಳ ನಡುವೆ ಕೂತ ಆಯಿಲ್ ಕೂಲರಿನ ಸೀಲು. ಸೋರಿದ ಆಯಿಲ್ ಹಿಂದಕ್ಕೆ ಹರಿದು ಗೇರ್‌ಬಾಕ್ಸ್ ಸೇರುವಲ್ಲಿ ತೊಟ್ಟಿಕ್ಕುವುದರಿಂದ ಕ್ರ್ಯಾಂಕ್ ಸೀಲೆಂದು ತಿಳಿದು ಗೇರ್‌ಬಾಕ್ಸ್ ಇಳಿಸುವವರಿದ್ದಾರೆ. ಮೊದಲು ಮೇಲಿನಿಂದ ಟಾರ್ಚ್ ಹಾಕಿ ನೋಡಿಸಿ. ಹಳೆಯದು ಕಿತ್ತಳೆ ಬಣ್ಣದ್ದು, ನಂತರ ಬಂದ ನೇರಳೆ ಬಣ್ಣದ ವೈಟನ್ (ಬಿಸಿ ಆಯಿಲ್ ತಡೆಯುವ ರಬ್ಬರ್) ಸೀಲೇ ಬೇಕು. ಟರ್ಬೊ, ಇನ್‌ಟೇಕ್ ಎಲ್ಲ ಬಿಚ್ಚುವ ಕೆಲಸ ಅದು, ಅಂಗಳದಲ್ಲಿ ಬೇಡ. ಹುಬ್ಬಳ್ಳಿಗೋ ಗೋವಾಕ್ಕೋ ಒಯ್ಯಿರಿ.

ಸ್ಕ್ರೀನ್ ಕೊನೆಗೆ. ಈ ಗಾಡಿಯ ಆಡಿಯೊ ಫೈಬರ್ ಆಪ್ಟಿಕ್ ಉಂಗುರದಲ್ಲಿ ಓಡುತ್ತದೆ, ತಾಮ್ರದ ತಂತಿಯಲ್ಲಲ್ಲ. ಪ್ರತ್ಯೇಕ ಆ್ಯಂಪ್ಲಿಫೈಯರ್ ಇದ್ದರೆ, ಆ ಬೆಳಕಿನ ಸಂಕೇತವನ್ನು ಅರ್ಥಮಾಡಿಕೊಳ್ಳುವ ಆಪ್ಟಿಕ್ ಡೀಕೋಡರ್ ಜೊತೆಗಿಲ್ಲದ ಆಂಡ್ರಾಯ್ಡ್ ಸ್ಕ್ರೀನ್ ಹಾಕಿದ ದಿನವೇ ಸ್ಪೀಕರ್ ಮೌನ. ಕೊಳ್ಳುವ ಮುಂಚೆ ಮಾರುವವರಿಂದ ಡೀಕೋಡರ್ ಇದೆಯೆಂದು ಬರಹದಲ್ಲಿ ಪಡೆಯಿರಿ, ಮೂಲ ಯೂನಿಟ್ಟನ್ನು ಎಸೆಯದೆ ಒಣ ಕಪಾಟಿನಲ್ಲಿಡಿ.