ಎಡ ಕಾರ್ನರ್ ಹುಡುಗನ ಲೆಕ್ಕ

ಗದಗ-ಬೆಟಗೇರಿಯ ಓದುಗರೊಬ್ಬರ ಪತ್ರದ ಸಾರ: "ಅಂತರ ಕಾಲೇಜು ಕಬಡ್ಡಿ ಫೈನಲ್‌ನ ವರದಿಯಲ್ಲಿ 'ನಿರೀಕ್ಷೆಯಂತೆ ಧಾರವಾಡದ ತಂಡ ಗೆದ್ದಿತು' ಎಂದು ಬರೆದಿದ್ದೀರಿ. ನಾವು ಸೋತದ್ದು ಎರಡೇ ಎರಡು ಅಂಕಗಳಿಂದ, ಅದೂ ಕೊನೆಯ ದಾಳಿಯಲ್ಲಿ ಅಂಪೈರ್ ಕೊಟ್ಟ ತಪ್ಪು ತೀರ್ಪಿನಿಂದ. ಗೆದ್ದವರ ಮೂವರು ರೈಡರ್‌ಗಳೂ ಹೊರಗಿನಿಂದ ಕರೆತಂದವರು. ಅವರಲ್ಲೊಬ್ಬ ನಮ್ಮಲ್ಲೇ ಪಿಯುಸಿ ಮುಗಿಸಿ, ಪದವಿಗೆಂದು ಅವರ ಪಾಳಯಕ್ಕೆ ಹಾರಿದವನು. ಇಂಥ ದ್ರೋಹಕ್ಕೆ ತಡೆಯೇ ಇಲ್ಲವೇ? ಅಂಥ ಕಾಲೇಜುಗಳನ್ನು ನೀವು ಖಂಡಿಸುವುದು ಯಾವಾಗ?"

ಮಾನ್ಯರೇ,

ನಿಮ್ಮ ನಾಲ್ಕು ಹಾಳೆಯ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೆಯ ಸಲ ಹಾಳೆ ತಿರುವಿದಾಗ, ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ನೀವು ಬರೆದುಕೊಂಡಿದ್ದ ಇಡೀ ಪಂದ್ಯದ ಸ್ಕೋರು ಕಾಣಿಸಿತು. ಯಾರು ಯಾರನ್ನು ಹಿಡಿದರು, ಯಾರು ಎಷ್ಟು ಹೊತ್ತು ಹೊರಗೆ ಕುಳಿತರು, ಎಲ್ಲವೂ ಅದರಲ್ಲಿತ್ತು. ನಮ್ಮ ವರದಿಗಾರನ ಟಿಪ್ಪಣಿಯಲ್ಲಿ ಅದರ ಕಾಲುಭಾಗವೂ ಇರಲಿಲ್ಲ. ಸಿಟ್ಟು ಅಲ್ಲಿಗೇ ಇಳಿಯಿತು.

'ನಿರೀಕ್ಷೆಯಂತೆ' ಎಂಬ ಪದ ವರದಿಗಾರನದಲ್ಲ, ನನ್ನದು. ಪುಟ ಕಟ್ಟುವ ರಾತ್ರಿ ಸಾಲು ಗಿಡ್ಡವಾಯಿತೆಂದು ತುಂಬಿದ ಪದ. ಎರಡು ಅಂಕಗಳ ಪಂದ್ಯಕ್ಕೆ ಅದು ಸಲ್ಲದು. ಕ್ಷಮಿಸಿ. ಕೊನೆಯ ದಾಳಿಯ ತಕರಾರಿಗೆ ಕೊನೆಗೇ ಬರುತ್ತೇನೆ, ಅದರಲ್ಲಿ ನನ್ನದೂ ಒಂದು ಸಾಕ್ಷಿಯಿದೆ.

'ಹೊರಗಿನವರು' ಎಂಬ ಮಾತು ಮಾತ್ರ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಗದಗ, ಹಾವೇರಿ, ಧಾರವಾಡ ಮೂರೂ 1997ರವರೆಗೆ ಒಂದೇ ಜಿಲ್ಲೆ. ನಾನು ಓದುತ್ತಿದ್ದ ಎಂಬತ್ತರ ದಶಕದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಅಂತರ ಕಾಲೇಜು ಕೂಟವೆಂದರೆ ಅಥಣಿ, ಜಮಖಂಡಿ ಕಡೆಯ ಹುಡುಗರೂ ಬಂದು ಇಳಿಯುತ್ತಿದ್ದರು. ಅವರ ಎದುರು ನಿಂತಾಗ ಗದಗಿನವರೂ ಧಾರವಾಡದವರೂ ಒಂದೇ ಕಡೆ ಕುಳಿತು ಹಲಗೆ ಬಾರಿಸುತ್ತಿದ್ದೆವು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಗಿ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಾಲೇಜುಗಳು ಬೇರೆಯಾದವು. 2023ರಲ್ಲಿ ಹಾವೇರಿಗೇ ಒಂದು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಂಗಳ ಕಿರಿದಾದಷ್ಟೂ ಅಣ್ಣತಮ್ಮಂದಿರ ಜಗಳ ಜೋರಾಗುತ್ತದೆ. (ಹುಬ್ಬಳ್ಳಿ, ಧಾರವಾಡದವರ ನಡುವಿನದು ಇನ್ನೊಂದೇ ಕಥೆ. ಬಹುಕಾಲ ಒಂದೇ ಮಹಾನಗರ ಪಾಲಿಕೆ, ಎರಡೂ ಊರಿನ ನಡುವೆ ಓಡುವ ಒಂದೇ ಚಿಗರಿ ಬಸ್ಸು. ಪಂದ್ಯದ ದಿನ ಮಾತ್ರ ಒಂದೇ ಸೀಟಿನಲ್ಲಿ ಕೂರುವುದಿಲ್ಲ.)

ಇನ್ನು ಆ ಹುಡುಗನ ವಿಷಯ. ಅವನನ್ನು ದ್ರೋಹಿ ಎನ್ನಲು ನಾನು ಒಪ್ಪುವುದಿಲ್ಲ. ನಿಮ್ಮ ಗದಗಿನವರೇ ಆದ ಕ್ರಿಕೆಟಿಗ ಸುನೀಲ್ ಜೋಶಿಯವರು ಶಾಲಾ ದಿನಗಳಲ್ಲಿ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ತರಗತಿಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. ಹೋಗಿ ಬರಲು ದಿನಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಹತ್ತು ಓವರುಗಳಲ್ಲಿ ಆರೇ ರನ್ನು ಕೊಟ್ಟು ಐದು ವಿಕೆಟ್ ಕಿತ್ತಾಗ ಗದಗಿನಲ್ಲಿ ಯಾರೂ 'ಇವನು ಹುಬ್ಬಳ್ಳಿಯಲ್ಲಿ ಕಲಿತವನು' ಎಂದು ಮುಖ ತಿರುಗಿಸಲಿಲ್ಲ. ಕಲಿಕೆ ಇದ್ದಲ್ಲಿಗೆ ಹುಡುಗರು ಹೋಗುತ್ತಾರೆ. ಆ ರೈಡರ್‌ಗೆ ಧಾರವಾಡದಲ್ಲಿ ಹಾಸ್ಟೆಲ್ ಸಿಕ್ಕಿತು, ಬೆಳಿಗ್ಗೆ ಹಾಲು ಮೊಟ್ಟೆ ಸಿಕ್ಕಿತು, ಎಲ್ಲಕ್ಕಿಂತ ಮಿಗಿಲಾಗಿ ಅಭ್ಯಾಸಕ್ಕೆ ಮ್ಯಾಟ್ ಸಿಕ್ಕಿತು. ನಿಮ್ಮ ಕಾಲೇಜಿನವರು ಇಂದಿಗೂ ಸುಣ್ಣದ ಗೆರೆ ಎಳೆದ ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿ, ಪಂದ್ಯದ ದಿನ ಮಾತ್ರ ಬೂಟು ಹಾಕಿ ಮ್ಯಾಟಿಗೆ ಇಳಿಯುತ್ತಾರೆ. ಮಣ್ಣಿನಲ್ಲಿ ಜಾರಿ ನಿಲ್ಲುವ ಕಾಲು ಮ್ಯಾಟಿನ ಮೇಲೆ ಕಚ್ಚಿಕೊಂಡು ನಿಲ್ಲುತ್ತದೆ, ಮೊಣಕಾಲು ತಿರುಚುತ್ತದೆ. ಅವನು ಹೋದದ್ದರಲ್ಲಿ ನನಗೆ ಆಶ್ಚರ್ಯವೇನೂ ಇಲ್ಲ.

ಹಾಗೆಂದು ಕರೆಸಿಕೊಂಡ ಕಾಲೇಜನ್ನು ಹೊಗಳುತ್ತೇನೆಂದು ತಿಳಿಯಬೇಡಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಅದು ಅಂಕಣದೊಳಗೆ ನಿಂತ ಏಳು ಜನರನ್ನು ನೋಡಿ ಹುಟ್ಟಿದೆ. ನಾನು ಅಂದು ನೋಡುತ್ತಿದ್ದುದು ಗೆರೆಯಾಚೆ ಬೆಂಚಿನ ಮೇಲೆ ಕುಳಿತಿದ್ದ ಐವರನ್ನು. ಗೆದ್ದ ತಂಡದ ಆ ಐವರೂ ಮೊದಲ ವರ್ಷದಿಂದ ಅದೇ ಕಾಲೇಜಿನಲ್ಲಿ ಇದ್ದವರಂತೆ. ಇಪ್ಪತ್ತು ನಿಮಿಷಗಳ ಎರಡು ಅವಧಿಗಳಲ್ಲಿ ಅವರಲ್ಲಿ ಒಬ್ಬನೂ ಟ್ರ್ಯಾಕ್ ಸೂಟ್ ಬಿಚ್ಚಲಿಲ್ಲ. ಒಬ್ಬ ಬಾಟಲಿಗಳಿಗೆ ನೀರು ತುಂಬುತ್ತಿದ್ದ. ಇನ್ನೊಬ್ಬ ತನ್ನ ಬೂಟಿನ ದಾರವನ್ನು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು. ನಾನೂ ಒಂದು ಕಾಲಕ್ಕೆ ಖೋಖೋ ತಂಡದಲ್ಲಿ ಹಾಗೆ ದಾರ ಕಟ್ಟಿಕೊಂಡೇ ಮೂರು ವರ್ಷ ಕಳೆದವನು. ಆದ್ದರಿಂದ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಕಾಲೇಜಿನ ತಂಡಕ್ಕೆ ಇರುವುದು ಆರು ಸೆಮಿಸ್ಟರ್‌ಗಳ ಆಯುಸ್ಸು. ಮೊದಲ ವರ್ಷ ಹುಡುಗ ಬರುವುದೇ ಆಯ್ಕೆಗೆ ಎರಡು ವಾರ ಮೊದಲು. ಅವನ ಎತ್ತರ, ತೂಕ, ಹಳ್ಳಿಯ ಪಂದ್ಯಾವಳಿಯಲ್ಲಿ ಗೆದ್ದ ಕಪ್ಪು, ಇಷ್ಟರಲ್ಲೇ ಆಯ್ಕೆ ಮುಗಿಯುತ್ತದೆ. ನಡುವೆ ಆಂತರಿಕ ಪರೀಕ್ಷೆ, ಹಾಜರಾತಿ, ಊರಿನ ಸುಗ್ಗಿ. ದೈಹಿಕ ಶಿಕ್ಷಣ ನಿರ್ದೇಶಕರಿಗೆ ಅವನು ಪೂರ್ತಿಯಾಗಿ ಸಿಗುವುದು ವರ್ಷಕ್ಕೆ ಮೂರು ನಾಲ್ಕು ತಿಂಗಳು. ಒಳ್ಳೆಯ ರೈಡರ್‌ನನ್ನು ಹೊರಗಿನಿಂದ ತಂದು ನಿಲ್ಲಿಸಬಹುದು, ಏಕೆಂದರೆ ದಾಳಿ ಬಹುಮಟ್ಟಿಗೆ ಒಬ್ಬನ ವಿದ್ಯೆ. ಹಿಡಿಯುವವರನ್ನು ಹಾಗೆ ತರಲಾಗದು. ಒಳಗೆ ನಿಲ್ಲುವ ಕವರ್ ಹೆಜ್ಜೆ ಇಟ್ಟ ಕೂಡಲೇ ತುದಿಯಲ್ಲಿ ನಿಲ್ಲುವ ಕಾರ್ನರ್ ಯಾವ ಕಡೆ ಬೀಳಬೇಕು ಎಂಬುದು ಮಾತಿಲ್ಲದೆ ತಿಳಿಯಬೇಕಾದರೆ ಇಬ್ಬರೂ ಎರಡು ಋತು ಒಟ್ಟಿಗೆ ಮೈ ತರಚಿಕೊಂಡಿರಬೇಕು.

ನಿಮ್ಮ ತಂಡದ ಎಡ ಕಾರ್ನರ್ ಹುಡುಗನನ್ನೇ ತೆಗೆದುಕೊಳ್ಳಿ. ನಿಮ್ಮ ನಾಲ್ಕು ಹಾಳೆಗಳಲ್ಲಿ ಅವನ ಮಾತೇ ಇಲ್ಲ. ಎರಡು ವರ್ಷಗಳ ಹಿಂದೆ ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣದಲ್ಲಿ ನಡೆದ ಒಂದು ಪಂದ್ಯದಲ್ಲಿ ಅವನನ್ನು ಮೊದಲು ಕಂಡೆ. ಆಗ ಅವನು ರೈಡರ್ ಗೆರೆ ದಾಟಿದ ಕೂಡಲೇ ಹಾರಿ ಬೀಳುತ್ತಿದ್ದ, ಕೈಗೆ ಗಾಳಿ ಸಿಗುತ್ತಿತ್ತು, ಎದುರಾಳಿಗೆ ಅಂಕ ಸಿಗುತ್ತಿತ್ತು. ಈ ಸಲದ ಫೈನಲ್‌ನಲ್ಲಿ ಅವನು ಕಾದ. ಬೋನಸ್ ಅಂಕ ಬೇಕೆಂದರೆ ರೈಡರ್ ಒಂದು ಪಾದವನ್ನು ಬೋನಸ್ ಗೆರೆಯಾಚೆ ಊರಿ, ಹಿಂದಿನ ಪಾದವನ್ನು ನೆಲದಿಂದ ಎತ್ತಿರಬೇಕು. ಅಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಅವನ ಇಡೀ ಮೈಭಾರ ಒಂಟಿ ಕಾಲಿನ ಮೇಲೆ. ನಿಮ್ಮ ಹುಡುಗ ಆ ಗಳಿಗೆಗೆಂದೇ ಕುಕ್ಕರಗಾಲಲ್ಲಿ, ಬೆರಳುಗಳನ್ನು ಮ್ಯಾಟಿಗೆ ತಾಗಿಸಿ ಕಾದಿದ್ದ. ಹಿಮ್ಮಡಿ ಎದ್ದದ್ದೇ ತಡ, ಎರಡೂ ಕೈ ಊರಿದ ಕಣಕಾಲಿಗೆ ಬಿದ್ದವು. ಅಂದು ಮೂರು ಸಲ ಹಾಗೆ ಹಿಡಿದ. ಮೂರನೆಯ ಸಲ ಅವನ ಕೈಗೆ ಸಿಕ್ಕವನು ನೀವು ದ್ರೋಹಿ ಎನ್ನುವ ಅದೇ ಹುಡುಗ. ಮೇಲೆದ್ದಾಗ ಇಬ್ಬರೂ ಏನೋ ಹೇಳಿಕೊಂಡು ನಕ್ಕರು. ಪಿಯುಸಿಯಲ್ಲಿ ಒಂದೇ ಬೆಂಚಿನವರಲ್ಲವೇ.

ಕಾಯುವುದನ್ನು ಅವನಿಗೆ ಕಲಿಸಿದ್ದು ನಿಮ್ಮ ಕಾಲೇಜೇ, ಅದೂ ಮಣ್ಣಿನ ಅಂಗಳದಲ್ಲಿ, ದಿನಭತ್ಯೆಗೂ ಪರದಾಡುತ್ತಾ. ನನ್ನ ಲೆಕ್ಕದಲ್ಲಿ ಈ ವರ್ಷದ ದೊಡ್ಡ ಸಾಧನೆ ಅದು, ಕಪ್ಪು ಯಾರ ಕಪಾಟಿಗಾದರೂ ಹೋಗಲಿ.

ಅದನ್ನು ನೀವೂ ಬರೆಯಲಿಲ್ಲ, ನಾವೂ ಬರೆಯಲಿಲ್ಲ. ಇದರಲ್ಲಿ ಪತ್ರಿಕೆಗಳ ಪಾಲು ದೊಡ್ಡದು. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಹುಡುಗರೆಲ್ಲ ಹಿಡಿಯುವವರ ಕೈಯಡಿ ಬಗ್ಗಿ ನುಸುಳುವ ಡುಬ್ಕಿ ಹೊಡೆಯಲು ಕಲಿತರು, ನಾವು ದಾಳಿಯ ಅಂಕಗಳನ್ನಷ್ಟೇ ದಪ್ಪಕ್ಷರದಲ್ಲಿ ಹಾಕಲು ಕಲಿತೆವು. ಆರನೆಯ ಆವೃತ್ತಿಯ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಪರವಾಗಿ ಪವನ್ ಸೆಹ್ರಾವತ್ 22 ಅಂಕ ಗಳಿಸಿದ್ದು ಸಂತೆಯಲ್ಲಿ ಮೆಣಸಿನಕಾಯಿ ಮಾರುವವರಿಗೂ ನೆನಪಿದೆ. ಅಂದು ಅದೇ ತಂಡದ ಕಾರ್ನರ್‌ಗಳಲ್ಲಿ ನಿಂತಿದ್ದವರು ಯಾರು ಎಂದು ಕೇಳಿ ನೋಡಿ, ಮಾತು ಹವಾಮಾನಕ್ಕೆ ಹೊರಳುತ್ತದೆ. ಮುಂದಿನ ಸಂಚಿಕೆಯಿಂದ ನಮ್ಮ ಪಟ್ಟಿಯಲ್ಲಿ ರೈಡರ್‌ನನ್ನು ಹಿಡಿದು ಗಳಿಸಿದ ಟ್ಯಾಕಲ್ ಅಂಕಗಳೂ ಇರುತ್ತವೆ. ಪ್ರತಿ ಆಟಗಾರನ ಹೆಸರಿನ ಮುಂದೆ ಅವನು ಆ ಕಾಲೇಜಿನಲ್ಲಿ ಎಷ್ಟನೆಯ ವರ್ಷ ಎಂಬುದೂ ಇರುತ್ತದೆ. ಯಾರು ಬೆಳೆಸಿದರು, ಯಾರು ಬರೇ ತಂದು ನಿಲ್ಲಿಸಿದರು ಎಂಬುದನ್ನು ಓದುಗರೇ ನೋಡಿಕೊಳ್ಳಲಿ. ಹೊರಗಿನಿಂದ ಬಂದವರನ್ನು ಆಡಿಸಲೇಬಾರದು ಎಂಬ ನಿಮ್ಮ ಬೇಡಿಕೆಗೆ ಮಾತ್ರ ನಾನು ದನಿಗೂಡಿಸಲಾರೆ. ಪ್ರವೇಶ ಸಾಚಾ ಇದ್ದು, ಹುಡುಗ ತರಗತಿಯಲ್ಲೂ ಕೂರುತ್ತಿದ್ದರೆ ಅವನು ಆ ಕಾಲೇಜಿನವನೇ. ಹೆಸರು ಹಚ್ಚಿಸಿ ಪಂದ್ಯಕ್ಕಷ್ಟೇ ಬರುವವರ ಮಾತು ಬೇರೆ. ಅಂಥದ್ದಕ್ಕೆ ನಿಮ್ಮ ಬಳಿ ದಾಖಲೆ ಇದ್ದರೆ ಕಳುಹಿಸಿ, ಅಚ್ಚು ಹಾಕುತ್ತೇನೆ.

ಈಗ ಕೊನೆಯ ದಾಳಿ. ನಿಮ್ಮ ರೈಡರ್ ಬಲಗಡೆಯ ಲಾಬಿಗೆ, ಅಂದರೆ ಅಂಕಣದ ಅಂಚಿನ ಪಟ್ಟಿಗೆ, ಕಾಲಿಟ್ಟ, ಯಾರನ್ನೂ ಮುಟ್ಟಿಲ್ಲವೆಂದು ಅಂಪೈರ್ ಅವನನ್ನು ಔಟ್ ಕೊಟ್ಟರು, ಎದುರಾಳಿಗೆ ಒಂದು ಅಂಕ ಹೋಯಿತು. ಎದುರಾಳಿಯ ಅಂಗಿ ಅವನ ಬೆರಳಿಗೆ ತಾಗಿತ್ತು ಎಂಬುದು ನಿಮ್ಮ ವಾದ. ನಿಯಮ ನಿಮ್ಮ ಕಡೆಗಿದೆ. ಮೈಯೇ ತಾಗಬೇಕೆಂದಿಲ್ಲ, ತೊಟ್ಟ ಬಟ್ಟೆ ತಾಗಿದರೂ ಅದು ಸ್ಪರ್ಶವೇ. ಸ್ಪರ್ಶವಾದ ಮೇಲೆ ಲಾಬಿಯೂ ಅಂಕಣದ ಭಾಗ. ಹಾಗಾಗಿದ್ದರೆ ಅವರಿಗೆ ಹೋದ ಅಂಕ ಹೋಗುತ್ತಿರಲಿಲ್ಲ, ನಿಮಗೊಂದು ಬರುತ್ತಿತ್ತು, ಪಂದ್ಯ ಸಮವಾಗುತ್ತಿತ್ತು.

ನಾನು ಅದೇ ಲಾಬಿಯ ಪಕ್ಕ, ಎರಡು ಮಾರು ದೂರದಲ್ಲಿ ನಿಂತಿದ್ದೆ. ನೋಡಿದ್ದರೆ ನೋಡಬಹುದಿತ್ತು. ಆದರೆ ಆ ಗಳಿಗೆಯಲ್ಲಿ ನಾನು ಬೆಂಚಿನ ಕಡೆಗೆ ತಿರುಗಿದ್ದೆ. ದಾರ ಕಟ್ಟುತ್ತಿದ್ದ ಹುಡುಗ ಎದ್ದು ನಿಂತಿದ್ದ, ಈಗಲಾದರೂ ಕರೆಯುತ್ತಾರೇನೋ ಎಂದು.

ಸಂಪಾದಕ