ಬರ್ಲಿನ್‌ಗೆ ಬರುವ ತಮ್ಮನಿಗೆ: ಮ್ಯೂಸಿಯಂ ಆಮೇಲೆ, ಮೊದಲು ಬಿಸಿಲು

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಸೆಪ್ಟೆಂಬರ್ ಮೊದಲ ವಾರ ಬರ್ಲಿನ್‌ಗೆ ಬರುತ್ತೀಯ, ಕೆಲಸ ಶುರುವಾಗುವ ಮುಂಚೆ 10 ದಿನ ಬಿಡುವಿದೆ, ಏನು ನೋಡಲಿ, ಸಸ್ಯಾಹಾರಿಗೆ ಹೊಟ್ಟೆಗೇನು ಸಿಗುತ್ತದೆ ಅಂತ ಕೇಳಿದ್ದೀಯ. ಜೊತೆಗೆ 14 ಜಾಗಗಳ ಪಟ್ಟಿ ಬೇರೆ, ಅದರಲ್ಲಿ 9 ಮ್ಯೂಸಿಯಂ! ಆ 9ನ್ನೂ ಸದ್ಯಕ್ಕೆ ಪಕ್ಕಕ್ಕಿಡು. ಬೇಡ ಅಂತಲ್ಲ, ಈಗ ಬೇಡ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಡಿಸೆಂಬರ್‌ನಲ್ಲಂತೂ ಸಂಜೆ 4ಕ್ಕೇ ಕತ್ತಲು. ಮ್ಯೂಸಿಯಂ ಸುತ್ತೋಕೆ ಆಗ ಬೇಕಾದಷ್ಟು ಶನಿವಾರ ಸಿಗುತ್ತವೆ. ನೆಫರ್‌ಟೀಟಿ ಅನ್ನೋ ಈಜಿಪ್ಟಿನ ಕಲ್ಲಿನ ರಾಣಿ ಎಲ್ಲೂ ಓಡಿಹೋಗುವುದಿಲ್ಲ, ನೋಯೆಸ್ ಮ್ಯೂಸಿಯಂನಲ್ಲಿ ಕೂತೇ ಇರುತ್ತಾಳೆ. ಅದರ ಪಕ್ಕದ ಪೆರ್ಗಮಾನ್ ಮ್ಯೂಸಿಯಂ 2023ರ ಅಕ್ಟೋಬರ್‌ನಲ್ಲಿ ದುರಸ್ತಿಗೆ ಬಾಗಿಲು ಹಾಕಿತು, ಅಲ್ಲಿಗೆ ಹೊರಡುವ ಮುಂಚೆ ತೆರೆದಿದೆಯಾ ಅಂತ ನೋಡಿಕೋ.

ಮೊದಲ ದಿನ ಬಸ್ ನಂಬರ್ 100 ಹತ್ತು. ಝೂ ಸ್ಟೇಷನ್‌ನಿಂದ ಅಲೆಕ್ಸಾಂಡರ್‌ಪ್ಲಾಟ್ಸ್‌ವರೆಗೆ ಹೋಗುತ್ತದೆ, ಮೇಲಿನ ಅಂತಸ್ತಿನ ಮುಂದಿನ ಸೀಟು ಸಿಕ್ಕರೆ ಫೋಟೋದಲ್ಲಿ ನೋಡಿರುವುದೆಲ್ಲ ಮಾಮೂಲಿ ಟಿಕೆಟ್‌ನಲ್ಲೇ ಮುಗಿಯುತ್ತದೆ. ಕಾಗದದ ಟಿಕೆಟ್ ಕೊಂಡರೆ ಮಾತ್ರ ಮೆಷಿನ್‌ನಲ್ಲಿ ಮುದ್ರೆ ಒತ್ತಿಸಬೇಕು. ನಾನು ಬಂದ ಮೊದಲ ವಾರ ಟಿಕೆಟ್ ಕೊಂಡು ಜೋಪಾನವಾಗಿ ಪರ್ಸ್‌ನಲ್ಲಿಟ್ಟುಕೊಂಡಿದ್ದೆ, ಪಕ್ಕದಲ್ಲಿ ಜೀನ್ಸ್ ಹಾಕಿ ಕೂತಿದ್ದವನೇ ಚೆಕಿಂಗ್‌ನವನು ಅಂತ ಯಾರಿಗೆ ಗೊತ್ತಿತ್ತು, 60 ಯೂರೋ ಹೋಯಿತು. ಇನ್ನೊಂದು, ಟಿಕೆಟ್ ದರಕ್ಕೆ ಊರನ್ನು ಎ, ಬಿ, ಸಿ ಅಂತ ವಲಯ ಮಾಡಿದ್ದಾರೆ, ವಿಮಾನ ನಿಲ್ದಾಣ ಸಿ ವಲಯದಲ್ಲಿದೆ. ಬಂದಿಳಿದ ದಿನ ಎಬಿಸಿ ಟಿಕೆಟ್ಟೇ ಬೇಕು, ಎಬಿ ಸಾಲದು.

ಸಂಸತ್ತಿನ ಗಾಜಿನ ಗುಮ್ಮಟಕ್ಕೆ ದುಡ್ಡಿಲ್ಲ, ಆದರೆ ಆನ್‌ಲೈನ್‌ನಲ್ಲಿ ಮುಂಚೆಯೇ ಹೆಸರು ಕೊಡಬೇಕು. ಊರಲ್ಲಿರುವಾಗಲೇ ಮಾಡು. ಹೋಗುವಾಗ ಪಾಸ್‌ಪೋರ್ಟ್ ಮರೆಯಬೇಡ.

ಊರನ್ನು ಪೂರ್ವ, ಪಶ್ಚಿಮ ಅಂತ ಸೀಳಿದ್ದ ಬರ್ಲಿನ್ ಗೋಡೆ ನೋಡಬೇಕು ಅಂದರೆ ಎಲ್ಲರೂ ಈಸ್ಟ್ ಸೈಡ್ ಗ್ಯಾಲರಿಗೆ ಕಳಿಸುತ್ತಾರೆ. ಬಣ್ಣ ಚೆನ್ನಾಗಿದೆ, ಸೆಲ್ಫಿ ಗಲಾಟೆ ಜಾಸ್ತಿ. ನೀನು ಬೆರ್ನಾವರ್ ಶ್ಟ್ರಾಸೆಗೆ ಹೋಗು. 1961ರ ಆಗಸ್ಟ್ 13ರಂದು ಗಡಿ ಮುಚ್ಚಿದಾಗ ಆ ಬೀದಿಯ ಒಂದು ಸಾಲಿನ ಮನೆಗಳು ಪೂರ್ವದವು, ಅವುಗಳ ಬಾಗಿಲ ಮುಂದಿನ ಫುಟ್‌ಪಾತ್ ಪಶ್ಚಿಮದ್ದು. ಜನ ಕಿಟಕಿಯಿಂದ ಹಾರಿ ದೇಶ ಬಿಟ್ಟರು. ಗೋಡೆ ಬಿದ್ದ ಕಡೆ ಈಗ ತುಕ್ಕು ಹಿಡಿದ ಕಬ್ಬಿಣದ ಕಂಬಿಗಳನ್ನು ಸಾಲಾಗಿ ನೆಟ್ಟಿದ್ದಾರೆ, ಒಂದು ಕಡೆಯಿಂದ ನೋಡಿದರೆ ಗೋಡೆ ಹಾಗೇ ಇದೆ ಅನ್ನಿಸುತ್ತದೆ, ನೇರ ಎದುರು ನಿಂತರೆ ನಡುವಿನಿಂದ ನುಸುಳಿ ಆಚೆ ಹೋಗಬಹುದು. ಗಡಿಯ ನಿರ್ಜನ ಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದ ಚರ್ಚನ್ನು ಪೂರ್ವದವರು 1985ರಲ್ಲಿ ಸ್ಫೋಟಿಸಿ ಕೆಡವಿದರು. ಅದೇ ಜಾಗದಲ್ಲಿ 2000ದಲ್ಲಿ ಮಣ್ಣು ಬಡಿದು ಕಟ್ಟಿದ ಸಣ್ಣ ಪ್ರಾರ್ಥನಾ ಮಂದಿರ ಬಂತು. ಆ ಮಂದಿರದ ಗೋಡೆಯ ಹತ್ತಿರ ಹೋಗಿ ನೋಡು, ಒರಟು ಮಣ್ಣಿನ ನಡುನಡುವೆ ಹಳೆ ಚರ್ಚಿನ ಇಟ್ಟಿಗೆ ಚೂರು. ನನಗಂತೂ ನಮ್ಮಜ್ಜಿ ಮನೆ ಹಿತ್ತಿಲ ಗೋಡೆ ಕಂಡ ಹಾಗಾಯಿತು. ಪಕ್ಕದಲ್ಲೇ ರೈ ಅನ್ನೋ ಧಾನ್ಯ ಬೆಳೆಯುತ್ತಾರೆ. ನೀನು ಬರುವ ಹೊತ್ತಿಗೆ ಕೊಯ್ಲು ಮುಗಿದಿರುತ್ತದೆ.

ಸಂಜೆಗೆ ಟೆಂಪಲ್‌ಹೋಫ್. 2008ರಲ್ಲಿ ಮುಚ್ಚಿದ ವಿಮಾನ ನಿಲ್ದಾಣ, 300 ಹೆಕ್ಟೇರಿಗೂ ದೊಡ್ಡ ಬಯಲು, ಈಗ ಎಲ್ಲರದ್ದು. 1948ರಲ್ಲಿ ಪಶ್ಚಿಮ ಬರ್ಲಿನ್‌ನ ದಾರಿಗಳನ್ನೆಲ್ಲ ಸೋವಿಯತ್ ಕಡೆಯವರು ಬಂದ್ ಮಾಡಿದಾಗ ಹಿಟ್ಟು, ಕಲ್ಲಿದ್ದಲು ಹೊತ್ತ ವಿಮಾನಗಳು ಇಳಿಯುತ್ತಿದ್ದ ರನ್‌ವೇ ಮೇಲೆ ಈಗ ಮಕ್ಕಳು ಸೈಕಲ್ ಕಲಿಯುತ್ತಾರೆ. ಮನೆ ಕಟ್ಟುತ್ತೇವೆ ಅಂತ ಸರ್ಕಾರ ಹೊರಟಾಗ 2014ರಲ್ಲಿ ಜನ ಮತ ಹಾಕಿ ತಡೆದರು. ಗಾಳಿ ಹೇಗಿರುತ್ತದೆ ಅಂದರೆ ನಮ್ಮ ಆಷಾಢದ ಗಾಳಿಯೇ, ಗಾಳಿಪಟಗಳೂ ಅಷ್ಟೇ.

ಊಟದ ವಿಷಯಕ್ಕೆ ಬರೋಣ. ಗೆಮ್ಯೂಸೆ ಕಬಾಬ್ ಅನ್ನೋ ಬೋರ್ಡ್ ನೋಡಿ, ಗೆಮ್ಯೂಸೆ ಅಂದರೆ ತರಕಾರಿ ಅಂತ ಖುಷಿಯಿಂದ ಒಳಗೆ ಹೋಗಬೇಡ. ಸಾಮಾನ್ಯವಾಗಿ ಅದು ಕೋಳಿ, ಮೇಲೆ ಹುರಿದ ತರಕಾರಿ. ಫಲಾಫಲ್ ಅಥವಾ ಹಲೂಮಿ ಅಂತ ಕೇಳು. ಹಲೂಮಿ ಸುಟ್ಟ ಚೀಸು, ಹಲ್ಲಿಗೆ ಕಿರ್‍ರ್ ಅನ್ನುತ್ತದೆ, ನಮ್ಮ ಮನೆಯವರಿಗೆ ಆಗಲ್ಲ, ನನಗೆ ಪ್ರಾಣ. ಮಂಗಳವಾರ, ಶುಕ್ರವಾರ ನೋಯ್‌ಕೊಲ್ನ್‌ನ ಮೈಬಾಖ್‌ಊಫರ್‌ನಲ್ಲಿ ಕಾಲುವೆ ದಂಡೆ ಮೇಲೆ ತುರ್ಕಿಯವರ ಸಂತೆ. ಕೊತ್ತಂಬರಿ ಕಟ್ಟು, ಬೆಂಡೆಕಾಯಿ, ಬದನೆಕಾಯಿ ಎಲ್ಲ ಇರುತ್ತದೆ. ಸಂಜೆ ಮುಗಿಯುವ ಹೊತ್ತಿಗೆ ಹೋದರೆ ಒಂದು ಯೂರೋ ಒಂದು ಯೂರೋ ಅಂತ ಕೂಗಿ ಕೂಗಿ ಮಾರುತ್ತಾರೆ, ಥೇಟ್ ನಮ್ಮ ಸಂತೆಯೇ. ಅಲ್ಲೇ ಹೆಂಗಸರು ಕೂತು ಉದ್ದನೆ ಕೋಲಿನಲ್ಲಿ ಹಿಟ್ಟನ್ನು ಹೋಳಿಗೆಗಿಂತ ತೆಳ್ಳಗೆ ಲಟ್ಟಿಸಿ, ಪಾಲಕ್, ಚೀಸು ಹಾಕಿ ಮಡಚಿ ಬೇಯಿಸಿಕೊಡುತ್ತಾರೆ. ಹೆಸರು ಗೊಜ್ಲೆಮೆ. ಬಿಸಿ ಇರುವಾಗಲೇ ತಿನ್ನು, ಆರಿದರೆ ಚರ್ಮ. ಐರಾನ್ ಅಂತ ಕೇಳಿದರೆ ಉಪ್ಪು ಹಾಕಿದ ಮಜ್ಜಿಗೆ ಕೊಡುತ್ತಾರೆ. ಒಗ್ಗರಣೆ ಒಂದೇ ಕಮ್ಮಿ.

ಭಾನುವಾರ ಅಂಗಡಿಗಳೆಲ್ಲ ಬಂದ್. ನನಗಿದು ಗೊತ್ತಿಲ್ಲದೆ ಮೊದಲ ಭಾನುವಾರ ಮೂರು ಹೊತ್ತೂ ಅವಲಕ್ಕಿಗೆ ಚಟ್ನಿಪುಡಿ ಕಲಸಿ ತಿಂದೆ. ತೀರಾ ಬೇಕಾದರೆ ಊರಿನ ಮುಖ್ಯ ರೈಲು ನಿಲ್ದಾಣ ಹಾಪ್ಟ್‌ಬಾನ್‌ಹೋಫ್ ಒಳಗಿನ ಸೂಪರ್‌ಮಾರ್ಕೆಟ್ ತೆರೆದಿರುತ್ತದೆ. ನೀರಿನ ಪ್ಲಾಸ್ಟಿಕ್ ಬಾಟಲಿ ಬಿಸಾಡಬೇಡ, ವಾಪಸ್ ಕೊಟ್ಟರೆ 25 ಸೆಂಟ್. ಹೊತ್ತು ತಿರುಗೋಕೆ ಬೇಜಾರಾದರೆ ಕಸದ ಡಬ್ಬಿಯ ಪಕ್ಕ ನಿಲ್ಲಿಸು, ಬಾಟಲಿ ಆಯುವವರು ಒಳಗೆ ಕೈ ಹಾಕುವುದು ತಪ್ಪುತ್ತದೆ. ಇಲ್ಲಿಯವರೂ ಹಾಗೇ ಮಾಡುತ್ತಾರೆ.

ಅದೇ ಭಾನುವಾರ ಬಿಸಿಲು ಬಂದರೆ ಎಸ್1 ರೈಲು ಹತ್ತಿ ಶ್ಲಾಖ್ಟೆನ್‌ಜೇಯಲ್ಲಿ ಇಳಿ. ಸ್ಟೇಷನ್ ಎದುರೇ ಕೆರೆ, ಸುತ್ತ ಕಾಡು, ಒಂದು ಸುತ್ತಿಗೆ ಒಂದೂವರೆ ಗಂಟೆ. ಕೆಲವರು ಮೈಮೇಲೆ ಏನೂ ಇಲ್ಲದೆ ಈಜುತ್ತಾರೆ, ಬೆಚ್ಚಿ ಬೀಳಬೇಡ, ದಿಟ್ಟಿಸಿಯೂ ನೋಡಬೇಡ.

ಸೂಟ್‌ಕೇಸ್ ತುಂಬುವಾಗ ಅಮ್ಮ ತುಪ್ಪ ಕೊಟ್ಟರೆ ಬೇಡ ಅನ್ನು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ, ಧಾರವಾಡ ಪೇಡಾ ಕೂಡ. ಆ ಜಾಗಕ್ಕೆ ಅರ್ಧ ಕೆಜಿ ಬ್ಯಾಡಗಿ ಮೆಣಸಿನಕಾಯಿ ಹಿಡಿಯುತ್ತದಾ ನೋಡು. ಕಾಲು ಕೆಜಿ ನನಗೆ, ದುಡ್ಡು ಕೊಡುತ್ತೇನೆ.