ಪಿಯುಸಿ ಆಗೇತಿ, ಬಡಿಗತನ ಕಲೀಬೇಕು. ಮೂರ್ ತಿಂಗಳ ಮಾಡ್ಯುಲರ್ ಫರ್ನಿಚರ್ (ಪ್ಲೈವುಡ್ ಶೀಟಿನ ಕಿಚನ್, ವಾರ್ಡ್‌ರೋಬ್) ಕೋರ್ಸ್ ಮಾಡ್ಲೋ, ಐಟಿಐ ಸೇರ್ಲೋ?

ತಮ್ಮಾ, ಪುಣೆದಾಗ ರೊಕ್ಕ ಕಟ್ಟಿ ಮೂರ್ ತಿಂಗಳ ಕೋರ್ಸ್ ಮಾಡಿದ್ರ ಲಗೂನ ಕೆಲಸಕ್ಕ ಹತ್ತಬಹುದು, ಐಟಿಐ ಅಂದ್ರ ಒಂದ್ ವರ್ಷ ಹಾಳು ಅಂತ ಬರ್ದೀಯಲ್ಲ, ಇದ ಲೆಕ್ಕಾನ ನಾನೂ ಹಾಕಿದ್ದೆ. ಆ ಲೆಕ್ಕ ಜಮಖಂಡಿಯೊಳಗ ಒಬ್ಬ ಮಾಸ್ತರ್ರ ಮನಿ ಬಾಗಲದ ಮ್ಯಾಲ ಬಂದು ಒಡೀತು.

ನಮ್ಮ ಮನ್ಯಾಗ ಯಾರೂ ಬಡಿಗ್ಯಾರಿಲ್ಲ. ಸೋದರಮಾವನ ಗುರ್ತಿನ ಮ್ಯಾಲ ಬೆಳಗಾವ್ಯಾಗ ಒಂದು ವರ್ಕ್‌ಶಾಪಿಗೆ ಕಲೀಲಿಕ್ಕೆ ಸೇರಿದೆ. ಅಲ್ಲಿ ಬರೇ ಪ್ಲೈವುಡ್ಡು, ಎಂಡಿಎಫ್ಫು (ಕಟಗಿ ನಾರು ಒತ್ತಿ ಮಾಡಿದ ಶೀಟು). 8 ಅಡಿ 4 ಅಡಿ ಶೀಟ್ ಬರ್ತಿದ್ವು, ಮಷೀನ್ ಮ್ಯಾಲ ಕೊಯ್ಯೋದು, ಸನ್‌ಮೈಕಾ ಅಂಟ್ಸೋದು, ಅಂಚಿಗೆ ಎಡ್ಜ್ ಬ್ಯಾಂಡ್ ಪಟ್ಟಿ ಹಚ್ಚೋದು, 35 ಎಂಎಂ ತೂತ ಹೊಡ್ದು ಹಿಂಜಿಸ್ ಕೂಡ್ಸೋದು, ಮುಗೀತು. ಕೈ ಸ್ವಚ್ಛ ಆತು, ಅಳತಿ ಪಕ್ಕಾ ಆತು, ಗರಗಸದ ಬ್ಲೇಡ್ ತಿನ್ನೋ 3 ಎಂಎಂ ಬಿಟ್ಟು ಗೆರಿ ಹಾಕೋದನ್ನ ಅಲ್ಲೇ ಕಲ್ತೆ, ಸುಳ್ಳ್ಯಾಕ ಹೇಳ್ಲಿ. ಊರಿಗೆ ಬಂದು ಒಂದೆರಡು ಕಿಚನ್ನು, ವಾರ್ಡ್‌ರೋಬ್ ಮಾಡ್ದೆ, ಮಂದಿ ಚಲೋ ಅಂದ್ರು, ನಾ ಪೂರ್ತಿ ಕಾರ್ಪೆಂಟರ್ ಆದೆ ಅಂತ ತಿಳ್ಕೊಂಡೆ.

ಆಮ್ಯಾಲ ರಿಟೈರ್ ಆದ ಮಾಸ್ತರ್ರೊಬ್ರು ಹೊಸ ಮನಿ ಕಟ್ಟಸಾಕತ್ತಿದ್ರು, ತಲಬಾಗಲಾ ಸಾಗವಾನಿದ ಆಗ್ಬೇಕು, ನಡುವಿನ ಹಲಗಿ ಮ್ಯಾಲ ಗಣಪತಿ ಕೆತ್ತಸ್ಬೇಕು, ದೀಪಾವಳಿಗೆ ವಾಸ್ತುಶಾಂತಿ ಅಂದ್ರು. ಮಳಿಗಾಲದಾಗ ಬೆಳಗಾವಿಯಿಂದ ಕಟಗಿ ತಂದೆ, ಅಲ್ಲೇ ಗುರ್ತಿನವ್ರ ಶೆಡ್ಡಿನ್ಯಾಗ ಬಾಗಲಾ ಮಾಡ್ದೆ. ಸುತ್ತ ಫ್ರೇಮು, ಫ್ರೇಮಿಗೆ ಒಳಗ ಗ್ರೂವ್ ಅಂದ್ರ ಉದ್ದಕ್ಕ ಕೊರದ ಸಂದು, ಗ್ರೂವ್‌ನ್ಯಾಗ ಹಲಗಿ. ಇಲ್ಲೀತನಕ ಸರಿ ಐತಿ. ಮುಂದ ನಾ ಮಾಡಿದ್ದು ಏನಂದ್ರ, ಹಲಗಿ ನಾಕೂ ಕಡೆ ಗ್ರೂವ್ ತುಂಬ ಅಂಟು ಹಾಕಿ, ಕ್ಲಾಂಪ್ ಬಿಗ್ದು, ಗಟ್ಟಿ ಆತು ಅಂತ ಖುಷಿ ಪಟ್ಟೆ.

ಹಸಿ ಕಟಗಿ ತಂದಿದ್ದ ತಪ್ಪು ಅಂತ ಈಗೂ ಕೆಲವರು ಹೇಳ್ತಾರ, ನಾ ಒಪ್ಪೂದಿಲ್ಲ. ಒಣಗಿದ ಕಟಗಿನೂ ಬೆಳಗಾವಿ ಮಳ್ಯಾಗ ಗಾಳ್ಯಾಗಿನ ತೇವ ಕುಡೀತೈತಿ, ಜಮಖಂಡಿ ಬ್ಯಾಸಗ್ಯಾಗ ಅದನ್ನ ವಾಪಸ್ ಬಿಡ್ತೈತಿ, ಇದು ನಿಲ್ಲೂದಲ್ಲ. ತೇವ ಬಿಟ್ಟಾಗ ಕಟಗಿ ಉದ್ದಕ್ಕ ಹೆಚ್ಚುಕಮ್ಮಿ ಕುಗ್ಗೋದ ಇಲ್ಲ, ಅಗಲಕ್ಕ ಕುಗ್ತೈತಿ. ಅದರಾಗೂ ದಿಮ್ಮಿ ಹೆಂಗ್ ಸೀಳ್ಯಾರ ಅನ್ನೋದರ ಮ್ಯಾಲ ಐತಿ, ದಿಮ್ಮ್ಯಾಗ ವರ್ಷಕ್ಕೊಂದರಂಗ ಮೂಡೋ ಉಂಗುರದ ಗುಂಟ ಕುಗ್ಗೋದು ಉಂಗುರಕ್ಕ ಅಡ್ಡ ಕುಗ್ಗೋದಕ್ಕಿಂತ ಸುಮಾರು ಎರಡಪಟ್ಟು. ಒಂದ್ ಅಡಿ ಅಗಲದ ಸಾಗವಾನಿ ಹಲಗಿ ಮಳಿಗಾಲಕ್ಕೂ ಬ್ಯಾಸಗಿಗೂ ಒಂದ್ ಸೂತ ಆರಾಮ ಹೆಚ್ಚುಕಮ್ಮಿ ಆಗಬಹುದು, ಸೂತ ಅಂದ್ರ ಇಂಚಿನ ಎಂಟನೇ ಭಾಗ. ಅಂಟಿ ಕುಂತ ಹಲಗಿ ಕುಗ್ಗಾಕ ಆಗದ ಸೀಳ್ತೈತಿ, ಅದಕ್ಕ ಹಲಗಿಗೆ ಅಂಟು ಹಾಕ್ಬಾರ್ದು. ಅಂಟು ಇರೋದು ಫ್ರೇಮಿನ ಮೂಲಿ ಜಾಯಿಂಟಿಗೆ ಅಷ್ಟ. ಹಲಗಿ ಗ್ರೂವ್‌ನ್ಯಾಗ ಸುಮ್ನ ಕುಂತಿರ್ಬೇಕು, ಎರಡೂ ಬದಿಗೆ ಸ್ವಲ್ಪ ಖಾಲಿ ಜಾಗ ಬಿಟ್ಟು. ಎಷ್ಟೋ ಹಳೆ ವಾಡೆಗಳ ಬಾಗಲದ ಹಲಗಿ ಒತ್ತಿದ್ರ ಅಲ್ಲಾಡ್ತೈತಿ, ನಾ ಸಣ್ಣವಿದ್ದಾಗ ಸಡ್ಲ ಆಗೇತಿ ಅಂದ್ಕೊಂಡಿದ್ದೆ, ಬೇಕಂತನ ಹಂಗ ಬಿಟ್ಟಿರ್ತಾರ. ನಂಗ್ಯಾಕ ಇದು ತಿಳೀಲಿಲ್ಲ ಅಂದ್ರ, ಪ್ಲೈವುಡ್‌ನ್ಯಾಗ ಒಂದ್ ಪದರದ ನಾರು ಉದ್ದ, ಮುಂದಿನ ಪದರದ್ದು ಅಡ್ಡ ಇಟ್ಟು ಅಂಟ್ಸಿರ್ತಾರ, ಒಂದನ್ನ ಇನ್ನೊಂದು ಹಿಡಕೊಂಡು ಶೀಟ್ ಹೆಚ್ಚುಕಮ್ಮಿ ಕುಗ್ಗೋದ ಇಲ್ಲ, ಅದರಾಗ ಎಲ್ಲಿ ಬೇಕಲ್ಲಿ ಅಂಟು ಹಾಕಿದ್ರೂ ನಡೀತೈತಿ. ನನ್ನ ಕೈಗೆ ಅದ ರೂಢಿ ಆಗಿತ್ತು.

ಉಗಾದಿ ಮುಗೀತು, ಬಿಸಲ 40 ಡಿಗ್ರಿ ಕಡೆ ಹೊಂಟ್ತು, ಮಾಸ್ತರ್ರ ಫೋನು. ಹೋಗಿ ನೋಡಿದ್ರ ನಡುವಿನ ಹಲಗಿ ಮ್ಯಾಲಿಂದ ಕೆಳಗಿನ್ತನಕ ಸೀಳಿತ್ತು, ಗಣಪತಿ ಸೊಂಡಿಲ ಮಗ್ಗಲಕ್ಕನ. ಮಾಸ್ತರ್ರು ಏನೂ ಅನ್ಲಿಲ್ಲ, ಮನಿಯಾಕಿ ಮಾತ್ರ ವಾಸ್ತು ಆದ ಮನ್ಯಾಗ ಹಿಂಗಾತಲ್ಲೋ ಅಂತ ಅಳಾಕ ನಿಂತ್ರು. ಬರೇ ಹಲಗಿ ಬದಲ ಮಾಡೋಣ ಅಂದ್ರ ಬರೂದಿಲ್ಲ, ಎಲ್ಲಾ ಅಂಟಿ ಕುಂತಿತ್ತಲ್ಲ, ಬಿಚ್ಚಾಕ ಹೋದ್ರ ಫ್ರೇಮ್ ಒಡೀತೈತಿ. ಪೂರ್ತಿ ಬಾಗಲಾ ಹೊಸದು ಮಾಡಿಕೊಟ್ಟೆ, ಕಟಗಿ ರೊಕ್ಕ ನಂದು, ಕೆತ್ತಿದವ್ರ ಮಜೂರಿ ನಂದು. ಮಾಸ್ತರ್ರ ತಮ್ಮನ ಮನಿ ಕೆಲಸಾನೂ ನಂಗ ಬರೋದಿತ್ತು, ಅದು ಬ್ಯಾರೇದವ್ರಿಗೆ ಹೋತು. ಎರಡನೇ ಬಾಗಲಾ ಮಾಡುವಾಗ ನಮ್ಮೂರಿನ ವಯಸ್ಸಾದ ಮಿಸ್ತ್ರಿ ಒಬ್ರನ್ನ ಕರ್ಕೊಂಡೆ. ಅವ್ರು ಒಡದ ಬಾಗಲಾ ತಿರುವಿ ನೋಡಿ ಕೇಳಿದ್ದು ಒಂದ ಮಾತು, "ಪ್ಲೈ ಹುಡುಗನೇನೋ ನೀ?"

ಈಗ ನಿನ್ನ ವಿಷಯ. ಮೂರ್ ತಿಂಗಳಾದ ಮ್ಯಾಲ ಲಗೂನ ಸಿಗೋ ಕೆಲಸ ಹೆಲ್ಪರ್ ಕೆಲಸ, ಶೀಟ್ ಹೊರೋದು, ಮಷೀನಿಗೆ ಹಲಗಿ ಕೊಡೋದು. ಅದಕ್ಕ ಫೀ ಕಟ್ಟೋ ಅವಶ್ಯಕತಿನ ಇಲ್ಲ, ಯಾವ್ದ ವರ್ಕ್‌ಶಾಪಿಗೆ ಹೋದ್ರೂ ಪಗಾರ ಕೊಟ್ಟು ಅದನ್ನ ಮಾಡಸ್ಕೊತಾರ. ಹಿಂಗಾಗಿ ಒಂದ್ ವರ್ಷ ಹಾಳು ಅನ್ನೋ ಮಾತ ತಗದ್ಬಿಡು. ಐಟಿಐಗೆ ಸೇರು. ಲಿಸ್ಟ್‌ನ್ಯಾಗ ಕಾರ್ಪೆಂಟರ್ ಅಂತ ಸಿಗ್ಲಿಲ್ಲ ಅಂದ್ರ ವುಡ್ ವರ್ಕ್ ಟೆಕ್ನಿಷಿಯನ್ ಅಂತ ಹುಡುಕು, ಈಗ ಆ ಟ್ರೇಡಿಗೆ ಅದ ಹೆಸರು, ಒಂದ್ ವರ್ಷದ್ದು. ಎಲ್ಲಾ ಐಟಿಐದಾಗ ಈ ಟ್ರೇಡ್ ಇರೂದಿಲ್ಲ, ಫಾರ್ಮ್ ತುಂಬೋಕಿಂತ ಮೊದ್ಲ ವಿಚಾರ್ಸು. ಅಲ್ಲಿ ಗರಗಸ, ರಂದಾ, ಉಳಿ ಹಿಡಿಯೋದ್ರಿಂದ ಶುರು ಮಾಡಸ್ತಾರ, ಜಾಯಿಂಟ್ ಕೈಲೆ ಮಾಡಸ್ತಾರ, ಕಟಗಿ ಒಣಗ್ಸೋದು ಸಿಲೆಬಸ್‌ನ್ಯಾಗನ ಐತಿ. ಕೆಲವ ಕಡೆ ಮಷೀನ್ ಹಳೇವಿರ್ತಾವು, ಇರ್ಲಿ. ಪಾಸಾದ್ರ ಎನ್‌ಟಿಸಿ, ಅಂದ್ರ ನ್ಯಾಷನಲ್ ಟ್ರೇಡ್ ಸರ್ಟಿಫಿಕೇಟ್ ಬರ್ತೈತಿ, ಅದಿದ್ರ ಅಪ್ರೆಂಟಿಸ್‌ಗೆ ಅರ್ಜಿ ಹಾಕಬಹುದು, ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಅಪ್ರೆಂಟಿಸ್ ಕರಿಯೋದ್ರಾಗ ಕಾರ್ಪೆಂಟರ್ ಟ್ರೇಡೂ ಬಂದೈತಿ. ನನ್ನ ಕಡೆ ಆ ಕಾಗದ ಇಲ್ಲ, ಆ ಬಾಗಲಾ ನಂಗ ಬಂದ್.

ಪಿಎಂ ವಿಶ್ವಕರ್ಮದಾಗ ಕಲಿಲಾ ಅಂತಾನೂ ಕೇಳೀಯಲ್ಲ. ಅದು 2023ರ ಸೆಪ್ಟೆಂಬರ್‌ನ್ಯಾಗ ಶುರು ಆದ ಸ್ಕೀಮು, ಈಗಾಗ್ಲೇ ಸ್ವಂತ ಕೈಕೆಲಸ ಮಾಡೋರಿಗೆ. ಬೇಸಿಕ್ ಟ್ರೇನಿಂಗ್ 5ರಿಂದ 7 ದಿನ, ದಿನಕ್ಕ 500 ರೂಪಾಯಿ ಭತ್ಯೆ, ಸಾಮಾನಿಗೆ 15,000 ರೂಪಾಯಿತನಕ ವೋಚರ್. ಐದಾರ ದಿನದಾಗ ಹೊಸಬ ಏನ್ ಕಲೀತಾನ? ಮನ್ಯಾಗ ಒಬ್ಬರಿಗಷ್ಟ ಸಿಗೋದು ಅದು, ಕೆಲಸ ಕಲ್ತು ಸ್ವಂತ ನಡಸಾಕ ಹತ್ತಿದ ಮ್ಯಾಲ ಹಾಕು, ಸಾಮಾನು ಆಗ ಬೇಕಾಗ್ತಾವು.

ಮಾಡ್ಯುಲರ್ ಕೆಲಸ ಕಲೀಲೇಬ್ಯಾಡ ಅಂತಿಲ್ಲ ನಾ, ನನ್ನ ಹೊಟ್ಟಿ ಇವತ್ತಿಗೂ ತುಂಬ್ಸೋದು ಪ್ಲೈವುಡ್ಡ. ಆದ್ರ ಅದನ್ನ ಆಮ್ಯಾಲ ಎಲ್ಲಿ ಬೇಕಾದ್ರೂ ಕಲೀಬಹುದು, ಕಟಗಿ ಕೆಲಸ ಕಲ್ಸೋ ಮಂದಿ ಮಾತ್ರ ಕಡಿಮಿ ಆಗಾಕತ್ತಾರ. ಐಟಿಐ ಸೂಟಿ ಇದ್ದಾಗ ಊರಾಗ ಚೌಕಟ್ಟು, ಬಾಗಲಾ ಮಾಡೋ ಮಿಸ್ತ್ರಿ ಕೈಕೆಳಗ ಹೋಗಿ ನಿಂದ್ರು, ರೊಕ್ಕ ಕೊಡ್ಲಿಲ್ಲಂದ್ರೂ ಹೋಗು.

ಇಷ್ಟ್ ಹೇಳಿದ ಮ್ಯಾಲೂ ಪುಣೆಗೆ ಹೋಗ್ತೀನಿ ಅಂದ್ರ ರೊಕ್ಕ ಕಟ್ಟೋಕಿಂತ ಮೊದ್ಲ ಅವ್ರ ವರ್ಕ್‌ಶಾಪಿನ್ಯಾಗ ಹೊಕ್ಕು ಹೋದ ಬ್ಯಾಚಿನ ಹುಡುಗರು ಮಾಡಿದ್ದ ಸಾಮಾನ ತೋರ್ಸ್ರಿ ಅಂತ ಕೇಳು. ಎಲ್ಲಾ ಶೀಟಿಂದ ಮಾಡಿದ್ದ ಇದ್ರ ರಾತ್ರಿ ಬಸ್ಸಿಗೆ ಊರಿಗೆ ಬಾ.